ಮೊದಲು ಕಟ್ಟು ಬಿಚ್ಚಲು ಕಲಿಸಿ

ಮೊನ್ನೆ ಶಿರಾಳಕೊಪ್ಪದಲ್ಲಿ ಸೊರಬದ ಬಸ್ಸು ಹತ್ತಿದ್ದೆ. ಎದುರು ಸೀಟಿನಲ್ಲಿ ಒಬ್ಬ ತಾಯಿ, ಪಕ್ಕದಲ್ಲಿ ಎರಡನೆಯದೋ ಮೂರನೆಯದೋ ತರಗತಿಯ ಹುಡುಗಿ. ಬಸ್ಸು ಕುಲುಕುತ್ತಿದ್ದರೂ ತೊಡೆಯ ಮೇಲೆ ನೋಟುಬುಕ್ಕು ಇಟ್ಟುಕೊಂಡು ಹೋಂವರ್ಕು ನಡೆದಿತ್ತು. 52ರಲ್ಲಿ 28 ಕಳೆಯಬೇಕು. ಹುಡುಗಿ 36 ಎಂದು ಬರೆದಳು. ತಾಯಿ ತಲೆಗೊಂದು ಮೊಟಕಿ, ಅಳಿಸಿ ಮತ್ತೆ ಮಾಡು ಎಂದರು. ಮತ್ತೆ 36. ಮತ್ತೊಂದು ಮೊಟಕು. ಮೂರನೇ ಸಲ ಆ ಮಗು ಲೆಕ್ಕ ಮಾಡಲೇ ಇಲ್ಲ, ಅಮ್ಮನ ಮುಖ ನೋಡಿಕೊಂಡು ಒಂದೊಂದೇ ಸಂಖ್ಯೆ ಹೇಳತೊಡಗಿತು. ಯಾವುದಕ್ಕೆ ಅಮ್ಮ ತಲೆಯಾಡಿಸುತ್ತಾಳೋ ಅದೇ ಉತ್ತರ.

ಪರರ ಮಕ್ಕಳ ವಿಷಯ ಎಂದು ಬಸ್ಸಿನಲ್ಲಿ ನಾನು ಬಾಯಿ ಹಾಕಲಿಲ್ಲ. ಆದರೆ ಮನೆಗೆ ಬಂದು ಕೈಕಾಲು ತೊಳೆದರೂ ಆ ಮಗುವಿನ ಮುಖ ಕಣ್ಣಿಂದ ಹೋಗಲಿಲ್ಲ. ಮೂವತ್ತು ವರ್ಷ ಪ್ರೈಮರಿ ಮಕ್ಕಳ ಜೊತೆ ಕಳೆದವಳು ನಾನು. ಅಲ್ಲಿ ಹೇಳಬೇಕಾಗಿದ್ದನ್ನು ಈಗ ನಿಮಗೆಲ್ಲ ಹೇಳುತ್ತೇನೆ, ಸ್ವಲ್ಪ ಕೂತು ಕೇಳಿ.

ಮೊದಲು ಆ 36 ಎಲ್ಲಿಂದ ಬಂತು ನೋಡಿ. ಬಿಡಿ ಸ್ಥಾನದಲ್ಲಿ ಮೇಲೆ 2, ಕೆಳಗೆ 8. ಎರಡರಲ್ಲಿ ಎಂಟು ಹೋಗುವುದಿಲ್ಲ. ಆದ್ದರಿಂದ ಮಗು ಎಂಟರಲ್ಲಿ ಎರಡು ಕಳೆದು 6 ಬರೆಯಿತು. ಆಮೇಲೆ ಐದರಲ್ಲಿ ಎರಡು ಹೋದರೆ 3. ಒಟ್ಟು 36. ಇದರಲ್ಲಿ ದಡ್ಡತನ ಎಲ್ಲಿದೆ ಹೇಳಿ? ‘ಯಾವಾಗಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು’ ಎಂದು ಹೇಳಿಕೊಟ್ಟವರು ನಾವೇ. ಮಗು ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದೆ. 1978ರಲ್ಲಿ ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬಿಬ್ಬರು ಮಕ್ಕಳ ಕಳೆಯುವ ಲೆಕ್ಕದ ತಪ್ಪುಗಳನ್ನೇ ರಾಶಿ ಹಾಕಿಕೊಂಡು ನೋಡಿ, ಅವು ಬಾಯಿಗೆ ಬಂದಂತೆ ಆಗುವ ತಪ್ಪುಗಳಲ್ಲ, ಒಂದೊಂದಕ್ಕೂ ಒಂದು ಕ್ರಮವಿದೆ ಎಂದು ತೋರಿಸಿಕೊಟ್ಟರು. ಹಾಗಾಗಿ ಮೊಟಕುವ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ‘ಇದನ್ನು ಹೇಗೆ ಮಾಡಿದೆ, ನನಗೂ ಹೇಳು ಪುಟ್ಟ’ ಎಂದು ಕೇಳಿ. ತಪ್ಪು ಎಲ್ಲಿದೆ ಎನ್ನುವುದನ್ನು ಮಗುವೇ ನಿಮಗೆ ತೋರಿಸುತ್ತದೆ.

ನಿಮ್ಮ ಮಗು ಒಂದೇ ಹೀಗೆ ಎಂದು ಕೊರಗಬೇಡಿ. ‘ಅಸರ್’ ಸಮೀಕ್ಷೆಯವರು ದೇಶದ ಹಳ್ಳಿಹಳ್ಳಿಗೆ ಹೋಗಿ ಮಕ್ಕಳಿಗೆ ಇಂಥವೇ ಎರಡಂಕಿಯ, ದಶಕ ಬಿಡಿಸುವ ಲೆಕ್ಕ ಕೊಡುತ್ತಾರೆ. ಮೂರನೇ ತರಗತಿಯವರಲ್ಲಿ ಅದನ್ನು ಮಾಡಬಲ್ಲವರು 2018ರಲ್ಲಿ ಶೇ 28.2, ಕೊರೋನಾ ಕಳೆದ ಮೇಲೆ 2022ರಲ್ಲಿ ಶೇ 25.9, 2024ರಲ್ಲಿ ಶೇ 33.7. ಏರಿದೆ, ಸಂತೋಷ. ಆದರೂ ಮೂವರಲ್ಲಿ ಇಬ್ಬರಿಗೆ ಬರುವುದಿಲ್ಲ ಎಂದಾಯಿತಲ್ಲ? ಅಷ್ಟು ಮಕ್ಕಳೂ ದಡ್ಡರಾಗಿರಲು ಸಾಧ್ಯವಿಲ್ಲ. ನಾವು ಕಲಿಸುವಾಗ ಯಾವುದೋ ಮೆಟ್ಟಿಲು ದಾಟಿಸಿಬಿಡುತ್ತಿದ್ದೇವೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಕಳೆಯುವ ಲೆಕ್ಕದಲ್ಲಿ ಆ ಆತುರಗಾರರು ದೊಡ್ಡವರಾದ ನಾವು.

ಪುಸ್ತಕ ತೆಗೆಯುವ ಮೊದಲು ಮಗುವಿಗೆ ಹಿಂದಕ್ಕೆ ಎಣಿಸಲು ಬರುತ್ತದೆಯೋ ನೋಡಿ. ಒಂದರಿಂದ ನೂರು ಪಟಪಟನೆ ಹೇಳುವ ಮಗುವನ್ನೇ ‘ಇಪ್ಪತ್ತರಿಂದ ಇಳಿಸಿಕೊಂಡು ಬಾ’ ಎಂದರೆ ಹದಿನೇಳರಲ್ಲಿ ತಡವರಿಸುತ್ತದೆ. ಏರಲು ಬಂದವರಿಗೆಲ್ಲ ಇಳಿಯಲು ಬರುತ್ತದೆ ಎಂದುಕೊಳ್ಳಬೇಡಿ, ಅಡಿಕೆ ಮರಕ್ಕೆ ಹತ್ತುವವರನ್ನು ಕೇಳಿ ನೋಡಿ. ಇದಕ್ಕೆ ದುಡ್ಡಿನ ಖರ್ಚಿಲ್ಲ. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗುವಾಗ ಕಿಟಕಿ ಪಕ್ಕ ಕೂರಿಸಿ, ರಸ್ತೆ ಬದಿಯ ಕಿಲೋಮೀಟರ್ ಕಲ್ಲು ಓದಿಸಿ. ಶಿವಮೊಗ್ಗ 30, ಆಮೇಲೆ 29, ಆಮೇಲೆ 28. ‘ಇನ್ನು ನಾಲ್ಕು ಕಲ್ಲು ದಾಟಿದರೆ ಯಾವ ನಂಬರು ಬರುತ್ತದೆ?’ ಎಂದು ಕೇಳಿ. ಕಲ್ಲು ಬಂದಾಗ ತನ್ನ ಉತ್ತರ ಸರಿಯೋ ತಪ್ಪೋ ಅದಕ್ಕೇ ಗೊತ್ತಾಗುತ್ತದೆ, ನೀವು ಹೇಳಬೇಕಾಗಿಲ್ಲ. ನೀವೋ, ಬಸ್ಸು ಹತ್ತಿದ ಕೂಡಲೇ ಮಗು ಸುಮ್ಮನಿರಲಿ ಎಂದು ಮೊಬೈಲು ಕೈಗೆ ಕೊಡುತ್ತೀರಿ. ಇದೊಂದು ಅಭ್ಯಾಸ ದಯವಿಟ್ಟು ಬಿಡಿ.

ಹತ್ತರ ಜೋಡಿಗಳು ನಾಲಿಗೆಯ ತುದಿಯಲ್ಲಿರಬೇಕು. ಏಳಕ್ಕೆ ಮೂರು, ಆರಕ್ಕೆ ನಾಲ್ಕು, ಎಂಟಕ್ಕೆ ಎರಡು. ಮಗ್ಗಿ ಬಾಯಿಪಾಠ ಮಾಡಿಸಲು ತೋರುವ ಹಟದಲ್ಲಿ ಕಾಲು ಭಾಗ ಇದಕ್ಕೆ ತೋರಿಸಿದರೂ ಸಾಕು. ಹತ್ತು ಹುಣಸೆ ಬೀಜ ತೆಗೆದುಕೊಳ್ಳಿ, ಒಂದಷ್ಟನ್ನು ಮುಷ್ಟಿಯಲ್ಲಿ ಮುಚ್ಚಿ, ಉಳಿದದ್ದನ್ನು ಮಣೆಯ ಮೇಲಿಡಿ, ‘ಕೈಯಲ್ಲಿ ಎಷ್ಟಿದೆ?’ ಎಂದು ಕೇಳಿ. ಈ ಆಟಕ್ಕೆ ಮಕ್ಕಳು ಸೋಲುತ್ತಾರೆ. ಮಳೆಗಾಲದಲ್ಲಿ ಅಟ್ಟದಿಂದ ಚನ್ನೆಮಣೆ ಇಳಿಸಿ. ಹದಿನಾಲ್ಕು ಗುಳಿಗೆ ನಾಲ್ಕು ನಾಲ್ಕು ಹಾಕಿದರೆ 56 ಕಾಳು. ಆಟ ಮುಗಿದಾಗ ನಿನ್ನ ಹತ್ತಿರ ಎಷ್ಟು, ಅಜ್ಜಿಯ ಹತ್ತಿರ ಎಷ್ಟು, ಯಾರದು ಎಷ್ಟು ಹೆಚ್ಚು? ಮೂರು ಲೆಕ್ಕ ಅಲ್ಲೇ ಆಯಿತು. ಬೆರಳು ಮಡಚಿ ಎಣಿಸಿದರೆ ಬೈಯಬೇಡಿ. ಬೆರಳು ದೇವರು ಕೊಟ್ಟ ಮೊದಲ ಸ್ಲೇಟು. ಬೇಕಿಲ್ಲದಾಗ ಮಗು ತಾನೇ ಬಿಡುತ್ತದೆ, ನಡೆಯಲು ಕಲಿತ ಮಗು ಗೋಡೆ ಬಿಟ್ಟ ಹಾಗೆ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಕಡೆ ನಾಟಿ ಗದ್ದೆ ನೋಡಿದ್ದೀರಲ್ಲ. ಸಸಿ ಮಡಿಯಿಂದ ಕಿತ್ತು ಕಟ್ಟು ಕಟ್ಟುತ್ತಾರೆ, ಗದ್ದೆಯಲ್ಲಿ ಅಲ್ಲಲ್ಲಿ ಎಸೆಯುತ್ತಾರೆ. ನೆಡುವ ಹೆಣ್ಣುಮಕ್ಕಳು ಕಟ್ಟು ಬಿಚ್ಚಿಕೊಂಡು ಎರಡೆರಡು ಮೂರು ಮೂರು ಸಸಿ ಊರುತ್ತಾ ಹಿಂದೆ ಹಿಂದೆ ಸರಿಯುತ್ತಾರೆ. ಕಟ್ಟು ಬಿಚ್ಚದೆ ನೆಡುವವರುಂಟೆ? ಕಳೆಯುವ ಲೆಕ್ಕದ ಗುಟ್ಟೂ ಅದೇ. ಹತ್ತು ಎನ್ನುವುದು ಒಂದು ಕಟ್ಟು. ಬೇಕೆಂದಾಗ ಅದನ್ನು ಬಿಚ್ಚಬಹುದು, ಬಿಚ್ಚಿದರೆ ಒಳಗೆ ಹತ್ತು ಬಿಡಿ ಇರುತ್ತವೆ. ಈ ಒಂದು ವಿಷಯ ಕೈಗೆ ತಿಳಿಯದೆ ಬರೀ ಪೆನ್ಸಿಲ್ಲಿಗೆ ತಿಳಿದರೆ ಪ್ರಯೋಜನವಿಲ್ಲ.

ಹಿಡಿಯ, ಅಂದರೆ ಪೊರಕೆಯ, ಕಡ್ಡಿ ತನ್ನಿ. ಹೊಸ ಹಿಡಿಯದು ಬೇಡ, ಸವೆದದ್ದರಿಂದ ನೂರು ಕಡ್ಡಿ ಮುರಿದು ಒಂದೇ ಅಳತೆ ಮಾಡಿ, ತುದಿ ಚುಚ್ಚದ ಹಾಗೆ ಕತ್ತರಿಸಿ. ಹತ್ತು ಹತ್ತನ್ನು ಬಾಳೆನಾರಿನಲ್ಲೋ ರಬ್ಬರ್ ಬ್ಯಾಂಡಿನಲ್ಲೋ ಕಟ್ಟುವುದು ಮಗುವಿನ ಕೆಲಸ. ನೀವು ಕಟ್ಟಿಕೊಡಬೇಡಿ! ಕಟ್ಟಿದ ಕೈಗೆ ಮಾತ್ರ ಒಳಗೆ ಹತ್ತಿದೆ ಎಂಬ ನಂಬಿಕೆ ಬರುವುದು. ಈಗ 52 ಎಂದರೆ ಐದು ಕಟ್ಟು, ಎರಡು ಕಡ್ಡಿ. ‘ಇದರಲ್ಲಿ 28 ಕಡ್ಡಿ ನನಗೆ ಕೊಡು’ ಎನ್ನಿ. ಅಷ್ಟು ಹೇಳಿ ಬಾಯಿ ಮುಚ್ಚಿಕೊಂಡು ಕೂರಿ. ಇದು ಕಷ್ಟ, ನನಗೆ ಗೊತ್ತು. ಆದರೆ ಕೂರಿ. ಮಗು ಎರಡು ಕಟ್ಟು ಕೊಡುತ್ತದೆ, ಎರಡು ಬಿಡಿ ಕಡ್ಡಿ ಕೊಡುತ್ತದೆ, ಆಮೇಲೆ ಕೈ ನಿಲ್ಲುತ್ತದೆ. ‘ಇನ್ನೂ ಆರು ಬೇಕು, ಕಡ್ಡಿ ಇಲ್ಲ’ ಎನ್ನುತ್ತದೆ. ಸ್ವಲ್ಪ ಹೊತ್ತು ನಿಮ್ಮ ಮುಖ, ಕಟ್ಟಿನ ಮುಖ ನೋಡುತ್ತದೆ. ನಂತರ ತಾನೇ ಒಂದು ಕಟ್ಟಿನ ನಾರು ಎಳೆಯುತ್ತದೆ. ಉಳಿದದ್ದನ್ನು ಎಣಿಸಿದರೆ ಎರಡು ಕಟ್ಟು, ನಾಲ್ಕು ಕಡ್ಡಿ. 24. ಆ ನಾರು ಎಳೆದ ಗಳಿಗೆಯಲ್ಲಿ ಕಳೆಯುವ ಲೆಕ್ಕ ಬಂದಂತೆ. ಅಲ್ಲಿಗೆ ಮುಟ್ಟುವ ಮೊದಲೇ ನೀವು ‘ಬಿಚ್ಚು, ಬಿಚ್ಚು’ ಎಂದು ಕೂಗಿದಿರೋ, ಅದು ನಿಮ್ಮ ಲೆಕ್ಕ ಆಯಿತು, ಮಗುವಿನದಲ್ಲ.

ಮಗು ದೊಡ್ಡ ಕಟ್ಟುಗಳನ್ನು ಮೊದಲು ಕೊಟ್ಟಿತು, ಪುಸ್ತಕದಲ್ಲಿ ಬಿಡಿ ಸ್ಥಾನ ಮೊದಲು ಎಂದಿದೆ ಎಂದು ಜಗಳ ತೆಗೆಯಬೇಡಿ. ಕಡ್ಡಿಯಲ್ಲಿ ಯಾವ ಕಡೆಯಿಂದ ಹೋದರೂ ಊರು ಸಿಗುತ್ತದೆ. ಹತ್ತಾರು ದಿನ ಹೀಗೆ ಆಡಿದ ಮೇಲೆ ಪಕ್ಕದಲ್ಲಿ ಸ್ಲೇಟು ಇಡಿ. ಕೈ ಮಾಡಿದ್ದನ್ನೇ ಸ್ಲೇಟಿನಲ್ಲಿ ಬರೆಸಿ: ಐದನ್ನು ಹೊಡೆದು ನಾಲ್ಕು, ಎರಡರ ಜಾಗದಲ್ಲಿ ಹನ್ನೆರಡು. ಆಗ ಆ ಗೀಟುಗಳಿಗೆ ಅರ್ಥ ಇರುತ್ತದೆ.

ನಾನೂ ಮೊದಮೊದಲು ತಪ್ಪು ದಾರಿಯಲ್ಲೇ ಕಲಿಸಿದವಳು. ‘ಪಕ್ಕದ ಮನೆಯಿಂದ ಒಂದು ಸಾಲ ತಗೋ’ ಎಂದೇ ಹೇಳಿಕೊಡುತ್ತಿದ್ದೆ, ನನಗೂ ಹಾಗೇ ಹೇಳಿಕೊಟ್ಟಿದ್ದರು. ಒಂದು ದಿನ ಒಬ್ಬ ಹುಡುಗ, ಅಪ್ಪ ಶುಂಠಿ ಬೆಳೆಗೆ ಸಾಲ ಮಾಡಿ ಒದ್ದಾಡುತ್ತಿದ್ದ ಮನೆಯವನು, ‘ಟೀಚರ್, ಈ ಸಾಲ ಯಾವಾಗ ತೀರಿಸೋದು?’ ಎಂದು ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ಕೇಳಿದ್ದು ನ್ಯಾಯವೇ. ಪಕ್ಕದ ಮನೆಯೂ ಇಲ್ಲ, ಸಾಲವೂ ಇಲ್ಲ. 52 ನಮ್ಮದೇ, ನಮ್ಮದೇ ಕಟ್ಟನ್ನು ನಾವೇ ಬಿಚ್ಚಿಕೊಳ್ಳುತ್ತಿದ್ದೇವೆ. ಅಂದಿನಿಂದ ‘ಸಾಲ’, ‘ಎರವಲು’ ಎರಡೂ ಮಾತು ಬಿಟ್ಟೆ. ‘ಒಂದು ದಶಕ ಬಿಚ್ಚು’ ಎನ್ನುತ್ತೇನೆ. ನೀವೂ ಹಾಗೇ ಅನ್ನಿ. ಮಕ್ಕಳು ಮಾತನ್ನು ಹಿಡಿದುಕೊಂಡೇ ಯೋಚನೆ ಮಾಡುತ್ತಾರೆ.

ಮಾತಿನ ವಿಷಯ ಬಂತು, ಇನ್ನೊಂದು ಹೇಳಿಬಿಡುತ್ತೇನೆ. ಕನ್ನಡದ ಸಂಖ್ಯೆಗಳ ಹೆಸರು ಮಕ್ಕಳಿಗೆ ತುಂಬ ಅನುಕೂಲ. ಇಪ್ಪತ್ತೆಂಟು ಎನ್ನುವಾಗ ಇಪ್ಪತ್ತು ಮೊದಲು, ಎಂಟು ಆಮೇಲೆ. ಬರೆಯುವುದೂ ಹಾಗೇ. ಇಂಗ್ಲಿಷಿನ ಫೋರ್ಟೀನಿನಲ್ಲಿ ನಾಲ್ಕು ಮೊದಲು ಬರುತ್ತದೆ, ಕಾನ್ವೆಂಟಿನ ಮಗು 41 ಬರೆದರೆ ಅದರ ತಪ್ಪಲ್ಲ. ಶಿರಾಳಕೊಪ್ಪದ ಉರ್ದು ಮನೆಮಾತಿನ ಮಗುವಿಗೆ ಅಠ್ಠಾಯಿಸ್ ಎನ್ನುವಾಗಲೂ ಎಂಟೇ ಮೊದಲು ಕೇಳಿಸುವುದು. ಅದು 82 ಬರೆದರೆ ಸಿಡುಕಬೇಡಿ, ಎರಡು ಕಟ್ಟು ಎಂಟು ಕಡ್ಡಿ ಮುಂದಿಟ್ಟು ಎರಡೂ ಭಾಷೆಯಲ್ಲಿ ಹೇಳಿಸಿ. ಶಿಕಾರಿಪುರದ ತಾಂಡಾಗಳ ಮಕ್ಕಳು ಮೊದಲು ಲಂಬಾಣಿಯಲ್ಲೇ ಎಣಿಸಲಿ. ಮನೆಯ ಭಾಷೆಯಲ್ಲಿ ಗಟ್ಟಿಯಾದ ಎಣಿಕೆ ಶಾಲೆಯ ಭಾಷೆಗೆ ತಾನಾಗಿ ದಾಟುತ್ತದೆ.

ನಮ್ಮ ಒಂಬತ್ತನ್ನೇ ನೋಡಿ. ಭಾಷೆ ಬಲ್ಲವರು ಆ ಪದವನ್ನು ಬಿಡಿಸಿ ‘ಹತ್ತಕ್ಕೆ ಒಂದು ಕಡಿಮೆ’ ಎನ್ನುತ್ತಾರೆ. ಸಂಸ್ಕೃತದಲ್ಲೂ ಹತ್ತೊಂಬತ್ತಕ್ಕೆ ಏಕೋನವಿಂಶತಿ, ಅಂದರೆ ಒಂದು ಕಡಿಮೆ ಇಪ್ಪತ್ತು ಎಂಬ ಹೆಸರಿದೆ. ಹಿರಿಯರು ಹೆಸರಿಡುವಾಗಲೇ ಕಳೆಯುವ ಲೆಕ್ಕ ಮಾಡಿಟ್ಟಿದ್ದಾರೆ. ಇದನ್ನು ಮಗುವಿಗೆ ಹೇಳಿ, ಕೂಡಲೇ ಉಪಯೋಗಿಸಿ. 52ರಲ್ಲಿ 9 ಕಳೆಯಬೇಕೆ? ಹತ್ತು ಕೊಟ್ಟುಬಿಡು, 42. ಒಂದು ಹೆಚ್ಚು ಕೊಟ್ಟೆಯಲ್ಲ, ವಾಪಸು ತಗೋ, 43.

ಕಳೆಯುವುದು ಎಂದರೆ ಬರೀ ತೆಗೆದುಹಾಕುವುದು ಎಂದು ಮಗುವಿನ ತಲೆಯಲ್ಲಿ ಕೂರಿಸಬೇಡಿ. ತಟ್ಟೆಯಲ್ಲಿ ಎಂಟು ಚಕ್ಕುಲಿ, ಮೂರು ತಿಂದೆ, ಎಷ್ಟು ಉಳಿಯಿತು? ಇದೊಂದು. ಅಕ್ಕನಿಗೆ ಹನ್ನೊಂದು ವರ್ಷ, ನಿನಗೆ ಏಳು, ಅಕ್ಕ ಎಷ್ಟು ದೊಡ್ಡವಳು? ಇಲ್ಲಿ ಯಾರೂ ಏನೂ ತಿಂದಿಲ್ಲ, ಏನೂ ಹೋಗಿಲ್ಲ. ಬಿಸಿಯೂಟಕ್ಕೆ 30 ಮಕ್ಕಳು ಕೂತಿದ್ದಾರೆ, 23 ತಟ್ಟೆ ಬಂದಿದೆ, ಇನ್ನೆಷ್ಟು ಬೇಕು? ಇಲ್ಲಿ ತರಬೇಕು, ಆದರೂ ಕಳೆಯುವ ಲೆಕ್ಕವೇ. ‘ಉಳಿಯಿತು ಅಂತ ಇದ್ದರೆ ಕಳೆ, ಹೆಚ್ಚು ಅಂತ ಇದ್ದರೆ ಕೂಡಿಸು’ ಎಂದು ಕೆಲವರು ಸುಲಭದ ದಾರಿ ಹೇಳಿಕೊಡುತ್ತಾರೆ. ಅದನ್ನು ನಂಬಿದ ಮಗು ಅಕ್ಕ ಎಷ್ಟು ವರ್ಷ ಹೆಚ್ಚು ಎಂದು ಕೇಳಿದರೆ ಹನ್ನೊಂದಕ್ಕೆ ಏಳು ಕೂಡಿಸಿ ಹದಿನೆಂಟು ಎನ್ನುತ್ತದೆ. ಪದ ಹುಡುಕುವುದನ್ನು ಕಲಿಸಬೇಡಿ, ಏನಾಯಿತು ಎಂದು ಕಣ್ಣಿಗೆ ತಂದುಕೊಳ್ಳುವುದನ್ನು ಕಲಿಸಿ.

ಅಂಗಡಿಯವರ ಲೆಕ್ಕವನ್ನಂತೂ ಎಲ್ಲ ಮಕ್ಕಳೂ ನೋಡಬೇಕು. 63 ರೂಪಾಯಿಯ ಸಾಮಾನಿಗೆ ನೂರರ ನೋಟು ಕೊಡುತ್ತೀರಿ. ಹಳೆಯ ಅಂಗಡಿಯವರು ಕಾಗದ ಪೆನ್ಸಿಲು ಹುಡುಕುವುದಿಲ್ಲ. ಎರಡು ರೂಪಾಯಿ ಇಟ್ಟು ‘ಅರವತ್ತೈದು’, ಐದು ಇಟ್ಟು ‘ಎಪ್ಪತ್ತು’, ಹತ್ತು ಇಟ್ಟು ‘ಎಂಬತ್ತು’, ಇಪ್ಪತ್ತು ಇಟ್ಟು ‘ನೂರು’ ಎನ್ನುತ್ತಾರೆ. ಕೈಗೆ ಬಂದದ್ದು 37. ಏರಿಕೊಂಡು ಹೋಗಿಯೇ ಕಳೆದರಲ್ಲ! ಈಗ ಎಲ್ಲ ಕಡೆ ಮೊಬೈಲಿನಲ್ಲಿ ದುಡ್ಡು ಕಳಿಸುವುದರಿಂದ ಚಿಲ್ಲರೆ ಎಣಿಸುವುದೇ ಮಕ್ಕಳ ಕಣ್ಣಿಗೆ ಬೀಳುತ್ತಿಲ್ಲ. ವಾರಕ್ಕೊಮ್ಮೆಯಾದರೂ ಸಂತೆಗೆ ಮಗುವನ್ನು ಕರೆದುಕೊಂಡು ಹೋಗಿ, ನೋಟು ಅದರ ಕೈಯಲ್ಲೇ ಕೊಡಿಸಿ, ಚಿಲ್ಲರೆಯನ್ನು ಅದೇ ಎಣಿಸಿ ತರಲಿ. ಹುಚ್ಚರಾಯಸ್ವಾಮಿ ಜಾತ್ರೆಯಲ್ಲೋ ಚಂದ್ರಗುತ್ತಿಯಲ್ಲೋ ಐವತ್ತು ರೂಪಾಯಿ ಕೈಗಿಟ್ಟು, ‘ಇಷ್ಟೇ, ಇದರಲ್ಲೇ ಬಳೆ, ಪೀಪಿ, ಮಂಡಕ್ಕಿ ಎಲ್ಲ’ ಎನ್ನಿ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಯಾಕೆ ಹುಟ್ಟಿತು ಎಂದು ಮಗುವಿಗೆ ಅರ್ಥವಾಗುವುದು ಆ ಐವತ್ತು ಕರಗುವಾಗ.

ಸೊನ್ನೆಯ ಹತ್ತಿರ ಸ್ವಲ್ಪ ನಿಲ್ಲಿ. ಏಳರಲ್ಲಿ ಸೊನ್ನೆ ಕಳೆದರೆ ಸೊನ್ನೆ ಎನ್ನುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಸಾವಿರದ ನೂರಕ್ಕೂ ಹೆಚ್ಚು ವರ್ಷದ ಹಿಂದೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ಸೊನ್ನೆ ಕಳೆದರೆ ಸಂಖ್ಯೆ ಬದಲಾಗುವುದಿಲ್ಲ ಎಂದು ಬರೆದಿಡಬೇಕಾಯಿತು. ಅಷ್ಟು ದೊಡ್ಡವರು ಬರೆದಿಡುವಂಥ ಮಾತು ಎಂದರೆ ಅದು ತಾನೇ ಹೊಳೆಯುವ ಮಾತಲ್ಲ ಎಂದಾಯಿತು. ‘ನನಗೆ ಸೊನ್ನೆ ಕಡ್ಡಿ ಕೊಡು’ ಎಂದು ಕೈ ಚಾಚಿ, ಮಗು ನಗುತ್ತದೆ, ತಿಳಿಯುತ್ತದೆ. ನೂರರಲ್ಲಿ 37 ಎಂದಾಗ ಬಿಡಿಯೂ ಇಲ್ಲ, ಹತ್ತರ ಕಟ್ಟೂ ಇಲ್ಲ. ಹತ್ತು ಕಟ್ಟುಗಳನ್ನು ಸೇರಿಸಿ ಒಂದು ದೊಡ್ಡ ಹೊರೆ ಕಟ್ಟಿಸಿಡಿ. ಹೊರೆ ಬಿಚ್ಚಿದರೆ ಹತ್ತು ಕಟ್ಟು, ಒಂದು ಕಟ್ಟು ಬಿಚ್ಚಿದರೆ ಒಂಬತ್ತು ಕಟ್ಟು ಹತ್ತು ಕಡ್ಡಿ. ಎರಡು ಸಲ ಬಿಚ್ಚಬೇಕು ಎನ್ನುವುದನ್ನು ಕೈ ನೋಡಿದರೆ, ಆ ಒಂಬತ್ತು ಎಲ್ಲಿಂದ ಬಂತು ಎಂದು ಮುಂದೆ ಯಾರೂ ಕೇಳುವುದಿಲ್ಲ.

ಶಿಕ್ಷಕರಿಗೂ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಗಣಿತ ಕಲಿಕಾ ಆಂದೋಲನದ ಪೆಟ್ಟಿಗೆ ಬಂದಿರುವ ಶಾಲೆಗಳಲ್ಲಿ, ಮಕ್ಕಳು ಹಾಳು ಮಾಡುತ್ತಾರೆಂದು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಸಾಮಾನು ಕಳೆದರೆ ಹಿಡಿಕಡ್ಡಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿಯ ಜೀವಾಳವೇ ಒಂದೊಂದು ಮಗು ತನ್ನ ವೇಗದಲ್ಲಿ ಏಣಿ ಹತ್ತಲಿ ಎಂಬುದು. ಪಾಠ ಮುಗಿಸುವ ಒತ್ತಡ ನಿಮಗಿದೆ, ಒಪ್ಪುತ್ತೇನೆ. ಆದರೆ ಕಟ್ಟು ಬಿಚ್ಚದ ಮಗುವನ್ನು ಮುಂದಕ್ಕೆ ತಳ್ಳಿದರೆ ಭಾಗಾಕಾರಕ್ಕೆ ಬಂದಾಗ ಅದು ನಿಮ್ಮ ಕೈಗೇ ಮತ್ತೆ ಸಿಗುತ್ತದೆ.

ಮನೆಯವರಿಗೆ ಕೆಲವು ಬೇಡಗಳು. ಶಾಲೆಯಿಂದ ಬಂದ ಮಗುವನ್ನು ಹಸಿದ ಹೊಟ್ಟೆಯಲ್ಲಿ ಲೆಕ್ಕಕ್ಕೆ ಕೂರಿಸಬೇಡಿ. ನಮ್ಮ ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ ಓದಿದರೆ, ಅಲ್ಲಿ ವೇದ ವ್ಯಾಕರಣಗಳ ಓದು ನಡೆಯುತ್ತಿತ್ತು, ಜೊತೆಗೆ ಹಸಿದವರಿಗೆ ಅನ್ನ, ರೋಗಿಗಳಿಗೆ ಮದ್ದು ಸಿಗುತ್ತಿತ್ತು ಎಂದು ತಿಳಿಯುತ್ತದೆ. ವಿದ್ಯೆ ಇರುವ ಕಡೆ ಅನ್ನವೂ ಇರಬೇಕು ಎಂದು ತಿಳಿದಿದ್ದವರ ನೆಲ ಇದು. ಮೊದಲು ಒಂದು ಲೋಟ ಹಾಲು, ಒಂದು ರೊಟ್ಟಿ ಕೊಡಿ. ಲೆಕ್ಕಕ್ಕೆ ದಿನಕ್ಕೆ ಕಾಲು ಗಂಟೆ ಸಾಕು. ಭಾನುವಾರ ಒಂದೇ ಸಲ ಮೂರು ಗಂಟೆ ಕೂರಿಸುವುದು ಬೇಡ, ಹನಿ ಹನಿ ಗೂಡಿದರೆ ಹಳ್ಳ. ನೆಂಟರು ಬಂದಾಗ ‘ಹದಿಮೂರರಲ್ಲಿ ಐದು ಹೋದರೆ ಎಷ್ಟು, ಮಾಮನಿಗೆ ಹೇಳು’ ಎಂದು ಪರೀಕ್ಷೆ ಮಾಡಬೇಡಿ. ಅಲ್ಲಿ ತಡವರಿಸಿದ ಮಗುವಿಗೆ ಆಗುವ ಅವಮಾನ ಸಣ್ಣದಲ್ಲ, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ‘ನನಗೂ ಲೆಕ್ಕ ಬರುತ್ತಿರಲಿಲ್ಲ, ಇವಳಿಗೂ ಬರಲ್ಲ’ ಎಂದು ಮಗುವಿನೆದುರು ಹೇಳುವ ತಾಯಂದಿರೇ, ನಿಮಗೆ ಲೆಕ್ಕ ಬರುತ್ತದೆ. ಸುಲಿದ ಅಡಿಕೆಯ ಕೂಲಿಯಲ್ಲಿ ಒಂದು ರೂಪಾಯಿ ಕಡಿಮೆ ಬಂದರೆ ಗೊತ್ತಾಗುವವರು ನೀವು. ಸಂಘದ ಪುಸ್ತಕದಲ್ಲಿ ಕಟ್ಟಿದ್ದೆಷ್ಟು, ಬಾಕಿ ಎಷ್ಟು ಎಂದು ಕಣ್ಣಾಡಿಸಿ ಹೇಳುವವರು ನೀವು. ಆ ಪುಸ್ತಕ ತೆಗೆದು ಮಗುವಿನ ಪಕ್ಕ ಕೂತು, ‘ಈ ವಾರ ಎಷ್ಟು ಬಾಕಿ ಉಳಿಯಿತು, ನೋಡೋಣ ಬಾ’ ಎನ್ನಿ.

ಕಡ್ಡಿಯ ಡಬ್ಬಿಯನ್ನು ಪರೀಕ್ಷೆ ಹತ್ತಿರ ಬಂತೆಂದು ಎತ್ತಿಡಬೇಡಿ. ಮಗುವಿನ ಕೈಗೆ ಎಟಕುವ ಗೂಡಿನಲ್ಲಿ ಇರಲಿ. ಒಂದು ದಿನ 71ರಲ್ಲಿ 46 ಕಳೆಯಲು ಹೇಳಿದಾಗ ಅದು ಡಬ್ಬಿಯ ಕಡೆ ಹೋಗುವುದಿಲ್ಲ. ಗೋಡೆ ನೋಡುತ್ತದೆ, ಹೆಬ್ಬೆರಳು ತೋರುಬೆರಳು ಸೇರಿಸಿ ಗಾಳಿಯಲ್ಲಿ ಏನೋ ಎಳೆದ ಹಾಗೆ ಮಾಡುತ್ತದೆ, ಆಮೇಲೆ 25 ಎನ್ನುತ್ತದೆ. ಆಗ ಡಬ್ಬಿಯನ್ನು ತಮ್ಮನಿಗೆ ಕೊಡಿ.